ಮೀನಿನ ಲೇಖನ ಹೀಗೆಯೇ ಅಚ್ಚಿಗೆ ಹೋಗದು

ನಮಸ್ಕಾರ. ಆಮ್ಲಜನಕವಿಲ್ಲದೆ ಬದುಕುವ ಮೀನುಗಳ ಜೀನೋಮ್ (ಜೀವಿಯ ಇಡೀ ಡಿಎನ್ಎ) ಕುರಿತ ನಿಮ್ಮ ಲೇಖನವನ್ನು ವಾಪಸ್ ಕಳಿಸುತ್ತಿದ್ದೇವೆ. ವಿಷಯ ಗಟ್ಟಿಯಾಗಿದೆ, ತಿದ್ದಿಕೊಡಿ.

ಮೊದಲ ಪುಟವಿಡೀ 'ಪ್ರಕೃತಿಯ ವಿಸ್ಮಯ'. ಹೊಡೆದುಹಾಕಿ. ಹಿಮ ಮುಚ್ಚಿದ ಉತ್ತರ ಯುರೋಪಿನ ಕೊಳ, ಅದರ ತಳದಲ್ಲಿ ತಿಂಗಳುಗಟ್ಟಲೆ ಆಮ್ಲಜನಕ ಕಾಣದ ಕ್ರೂಷಿಯನ್ ಕಾರ್ಪ್: ಅಲ್ಲಿಂದಲೇ ಶುರುಮಾಡಿ.

'ಮೀನು ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲ್ ಮಾಡಿಕೊಳ್ಳುತ್ತದೆ' ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ. ಮಿದುಳು, ಹೃದಯಗಳಲ್ಲಿ ಹುಟ್ಟಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ರೂಪ) ರಕ್ತದಲ್ಲಿ ಸ್ನಾಯುವಿಗೆ ಬರುತ್ತದೆ, ಅಲ್ಲಿ ಪೈರುವೇಟ್ ಆಗುತ್ತದೆ. ಅದನ್ನು ಕಿಣ್ವವೊಂದು ಅಸಿಟಾಲ್ಡಿಹೈಡ್ ಮಾಡುತ್ತದೆ, ಇನ್ನೊಂದು ಎಥೆನಾಲ್, ಅಂದರೆ ಆಲ್ಕೋಹಾಲ್, ಮಾಡುತ್ತದೆ. ಎಥೆನಾಲ್ ಕಿವಿರಿನ ಮೂಲಕ ನೀರಿಗೆ ಸೋರಿಹೋಗುತ್ತದೆ. ಹೀಗೆ ಹೋಗುವುದು ಮುಖ್ಯವಾಗಿ ಯಕೃತ್ತಿನ ಗ್ಲೈಕೊಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನಿನಿಂದ ಬಂದ ಇಂಗಾಲ. ದಾಸ್ತಾನು ಮುಗಿದರೆ ಮೀನೂ ಮುಗಿಯಿತು. ಈ ಖರ್ಚಿನ ಮಾತೇ ನಿಮ್ಮಲ್ಲಿಲ್ಲ.

'ಜೀನೋಮ್ ಓದಿದರು, ರಹಸ್ಯ ಸಿಕ್ಕಿತು' ಎಂಬುದು ತಪ್ಪು. ಡಿಎನ್ಎ ಹೇಳುವುದು ಯಾವ ವಂಶವಾಹಿ ಇದೆ ಎಂದಷ್ಟೇ. ಯಾವುದು ಯಾವ ಅಂಗದಲ್ಲಿ ದುಡಿಯುತ್ತಿದೆ ಎಂದು ತಿಳಿಯಲು ಆರ್‌ಎನ್ಎ ಅಳೆಯಬೇಕು. 2017ರಲ್ಲಿ ಓಸ್ಲೊ ಮತ್ತು ಲಿವರ್‌ಪೂಲ್ ಸಂಶೋಧಕರು ತೋರಿಸಿದ್ದು ಇದನ್ನೇ: ಪೈರುವೇಟ್ ನಿಭಾಯಿಸುವ ಕಿಣ್ವದ ಎರಡನೆಯ ಸೆಟ್ ಸ್ನಾಯುವಿನಲ್ಲಿ ಎಥೆನಾಲ್ ದಾರಿಗೆ ತಿರುಗಿದೆ. ಈ ಹೆಚ್ಚುವರಿ ಸೆಟ್ ಬಂದದ್ದು ಸುಮಾರು 80 ಲಕ್ಷ ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾದಾಗ.

ಸೀಕ್ವೆನ್ಸಿಂಗ್ (ಡಿಎನ್ಎ ಅಕ್ಷರಗಳನ್ನು ಓದುವುದು) ತೊಡಕಾಗುವುದೂ ಇದರಿಂದಲೇ. ಜೀಬ್ರಾಫಿಶ್‌ಗೆ 50 ವರ್ಣತಂತುಗಳಾದರೆ ಈ ಕಾರ್ಪ್‌ನ ಹತ್ತಿರದ ಬಂಧು ಗೋಲ್ಡ್‌ಫಿಶ್‌ಗೆ 100. ಅವಳಿ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. 150 ಅಕ್ಷರಗಳ ತುಣುಕುಗಳನ್ನಷ್ಟೇ ಕೊಟ್ಟರೆ ಜೋಡಿಸುವ ತಂತ್ರಾಂಶ ಎರಡನ್ನೂ ಕಲಸಿ ಒಂದು ಮಾಡಿಬಿಡಬಹುದು. ಹುಡುಕಲು ಹೊರಟ ವಂಶವಾಹಿಯೇ ಆಗ ಮಾಯ! ಅದಕ್ಕೇ ಸಾವಿರಾರು ಅಕ್ಷರಗಳ ಉದ್ದನೆಯ ತುಣುಕು ಬೇಕು. ಅಂಗಾಂಶವನ್ನು ತೆಗೆದ ಕೂಡಲೇ ದ್ರವ ಸಾರಜನಕಕ್ಕೆ ಹಾಕದಿದ್ದರೆ, ಪಿಪೆಟ್‌ನಲ್ಲಿ ರಭಸವಾಗಿ ಎಳೆದಾಡಿದರೆ, ಡಿಎನ್ಎ ಮೊದಲೇ ತುಂಡಾಗಿರುತ್ತದೆ. ಇನ್ನೊಂದು ಅಪಾಯ: ನಕಲುಗಳನ್ನು ಕಸವೆಂದು ಅಳಿಸುವ ತಂತ್ರಾಂಶ. ಈ ಮೀನಿನಲ್ಲಿ ನಕಲು ಸಹಜ, ಅಳಿಸಿದರೇ ತಪ್ಪು.

'ಕುಡುಕ ಮೀನು' ಎಂದು ಐದು ಸಲ ಬರೆದಿದ್ದೀರಿ. ನಗು ಒಂದು ಸಲಕ್ಕೆ ಸಾಕು. ಅದರ ಬದಲು ಲ್ಯಾಕ್ಟೇಟಿನಿಂದ ಕಿವಿರಿನವರೆಗಿನ ದಾರಿಯ ರೇಖಾಚಿತ್ರ ಹಾಕಿ, 900 ಪದಗಳೊಳಗೆ ಮತ್ತೆ ಕಳಿಸಿ.