ಮೀನು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡು

ಪ್ರಶ್ನೆ: ಸರ್, ನಾನು ಅಂಕೋಲಾ ಕಡೆಯವಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಪ್ರಾದೇಶಿಕ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಆಸೆ. ನಮ್ಮ ಕರಾವಳಿಯ ಮೀನು ವ್ಯಾಪಾರದ ಬಗ್ಗೆ ಅಂದರೆ, ‘ಅದು ಸಣ್ಣ ವಿಷಯ’ ಅನ್ನುತ್ತಾರೆ. ಅರ್ಥಶಾಸ್ತ್ರ ವಿಭಾಗಕ್ಕೇ ಸೇರಬೇಕಾ, ಭೂಗೋಳಕ್ಕಾ? ಗಣಿತ ಎಷ್ಟು ಬೇಕು?

ಉತ್ತರ: ತಂಗಿ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಒಂದು ಕೆಲಸ ಇಲ್ಲೇ ಯಾಕೆ ನಡೆಯುತ್ತದೆ, ಪಕ್ಕದಲ್ಲಿ ಯಾಕೆ ನಡೆಯುವುದಿಲ್ಲ? ನಮ್ಮ ಶಾಸ್ತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಜರ್ಮನಿಯ ಫಾನ್ ಥ್ಯೂನೆನ್ ಸ್ವತಃ ಜಮೀನು ನಡೆಸುತ್ತಿದ್ದವರು. ಪೇಟೆಯಿಂದ ದೂರ ಹೋದ ಹಾಗೆ ಬೆಳೆ ಯಾಕೆ ಬದಲಾಗುತ್ತದೆ ಅಂತ 1826ರಲ್ಲೇ ಸಾಗಣೆ ಖರ್ಚಿನ ಲೆಕ್ಕ ಹಾಕಿ ತೋರಿಸಿದರು. 1909ರಲ್ಲಿ ಆಲ್‌ಫ್ರೆಡ್ ವೇಬರ್ ಕಾರ್ಖಾನೆಗಳಿಗೂ ಅಂಥದ್ದೇ ಲೆಕ್ಕ ಮಾಡಿದರು. ನಮ್ಮ ಚಾಲಿ ಅಡಿಕೆಯನ್ನೇ ನೋಡು. ಅಂಗಳದಲ್ಲಿ ಒಣಗಿಸಿ, ಸುಲಿದು, ಆಮೇಲೆ ಶಿರಸಿ ಪೇಟೆಗೆ ಒಯ್ಯುತ್ತಾರೆ. ಸಿಪ್ಪೆಗೂ ಬಾಡಿಗೆ ಕೊಟ್ಟು ಯಾರು ಸಾಗಿಸುತ್ತಾರೆ? ಮೀನು ಕೆಡದಂತೆ ಇಡುವ ಮಂಜುಗಡ್ಡೆಯೂ ಹಾಗೇ. ದಾರಿಯಲ್ಲಿ ಕರಗುತ್ತದೆ, ಅದಕ್ಕೇ ಮಂಜುಗಡ್ಡೆ ಕಾರ್ಖಾನೆ ಬಂದರಿನ ಹತ್ತಿರ ಬೇಕು.

ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಸಂಶೋಧನೆಯ ದಿನಗಳಲ್ಲಿ ಶಿರಸಿಗೆ ಬಂದ ಅಡಿಕೆಯನ್ನೆಲ್ಲ ಶಿರಸಿ ತಾಲೂಕಿನ ಬೆಳೆ ಅಂತಲೇ ಬರೆದುಕೊಂಡಿದ್ದೆ. ಒಂದು ದಿನ ಚೀಲ ಹೊರುವ ಹಿರಿಯರೊಬ್ಬರು ಹತ್ತಿರ ಕರೆದರು. ‘ಮಾಸ್ತರೇ, ಇದು ಯಲ್ಲಾಪುರದ್ದು, ಆ ಸಾಲು ಸಿದ್ದಾಪುರದ್ದು’ ಅಂದರು. ಆರು ತಿಂಗಳ ಲೆಕ್ಕ ಮತ್ತೆ ಮಾಡಬೇಕಾಯಿತು. ಆದರೆ ‘ಪ್ರದೇಶ’ ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು. ಪೇಟೆಯ ಗಡಿಯೇ ಬೇರೆ, ತಾಲೂಕಿನ ಗಡಿಯೇ ಬೇರೆ.

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ ವರದಿಯನ್ನು ಪೂರ್ತಿ ಓದು, ಸುಮ್ನೆ ಸಾರಾಂಶ ಓದಿ ಬಿಡಬೇಡ. 2002ರಲ್ಲಿ ಬಂದ ಆ ವರದಿ, 35 ಸೂಚಕಗಳನ್ನು ಹಿಡಿದು, ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು. ಅದು ದೊಡ್ಡ ಕೆಲಸ, ಅದರ ಮೇಲೆ ನನಗೆ ಬಹಳ ಗೌರವ. ಆದರೆ ತಾಲೂಕಿಗೆ ಒಂದೇ ಅಂಕಿ ಕೊಟ್ಟರೆ ನಿನ್ನ ಅಂಕೋಲಾದಲ್ಲಿ ಸಮುದ್ರದಂಚಿನ ಬೇಲೇಕೇರಿಯೂ ಘಟ್ಟದ ಬುಡದ ಅಚವೆಯೂ ಒಂದೇ ಆಗಿಬಿಡುತ್ತವೆ ಅಲ್ವಾ? ನೀನು ಕೆಲಸ ಮಾಡಬೇಕಾದ ಜಾಗ ಅದು.

ವಿಭಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ವಾಲ್ಟರ್ ಐಸಾರ್ಡ್ 1954ರಲ್ಲಿ ಅಮೆರಿಕದಲ್ಲಿ ಪ್ರಾದೇಶಿಕ ವಿಜ್ಞಾನ ಸಂಘ ಕಟ್ಟಿದಾಗ ಅರ್ಥಶಾಸ್ತ್ರದವರನ್ನೂ ಭೂಗೋಳದವರನ್ನೂ ಒಟ್ಟಿಗೆ ಕೂರಿಸಿದರು. ನೀನು ಮಾರ್ಗದರ್ಶಕರನ್ನು ನೋಡಿ ಸೇರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ), ಎರಡೂ ಕಡೆ ವಿಚಾರಿಸು. ಅಲ್ಲಿನ ಮಾರ್ಗದರ್ಶಕರ ಹಳೇ ವಿದ್ಯಾರ್ಥಿಗಳ ಪ್ರಬಂಧ ತೆಗೆದು ಓದು. ಹಳ್ಳಿಗೆ ಹೋಗಿ ಬಂದವರ ಬರವಣಿಗೆ ನಾಲ್ಕು ಪುಟದಲ್ಲೇ ಗೊತ್ತಾಗುತ್ತದೆ.

ಗಣಿತ ಬೇಕೇ ಬೇಕು, ಹೆದರಬೇಡ. ಒಂದು ಉದ್ಯಮದ ಹಣ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಅಂತ ಲೆಕ್ಕ ಮಾಡಲು ಮ್ಯಾಟ್ರಿಕ್ಸ್, ಅಂದರೆ ಅಂಕಿಗಳ ಕೋಷ್ಟಕದ ಗಣಿತ, ಬೇಕು. ಸಂಖ್ಯಾಶಾಸ್ತ್ರ ಗಟ್ಟಿ ಇರಬೇಕು, ಯಾಕೆಂದರೆ ಅಕ್ಕಪಕ್ಕದ ಊರುಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಮಾಮೂಲಿ ರಿಗ್ರೆಶನ್ ಆ ಪ್ರಭಾವವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಕ್ಷೆ ಮಾಡಲು ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಕಲಿ, ಅದು ಉಚಿತ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಗಣಿತಕ್ಕೆ ಕೂತುಕೋ. ಆಗಸ್ಟ್ ಬಂದ ಮೇಲೆ ಬೆಳಗಿನ ಜಾವ ಬಂದರಿಗೆ ಹೋಗು. ಒಂದು ದೋಣಿಯ ಮೀನು ಎಲ್ಲಿಗೆ ಹೋಗುತ್ತದೋ ಹಿಂಬಾಲಿಸು. ಎಷ್ಟು ಲಾರಿಗೆ ಹೋಯಿತು, ಎಷ್ಟು ಬುಟ್ಟಿ ಹೊತ್ತು ಬಸ್ಸು ಹತ್ತುವ ಹೆಂಗಸರಿಗೆ ಸಿಕ್ಕಿತು, ಅವರು ಎಲ್ಲಿ ಇಳಿದರು, ಯಾವ ದರಕ್ಕೆ ಮಾರಿದರು, ಎಲ್ಲ ಬರೆದುಕೋ. ಮಾರ್ಗದರ್ಶಕರನ್ನು ಕಾಣಲು ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ.