‘ಬೇಗ ಹೊರಟಿದ್ದರೆ ರೈಲು ಸಿಗುತ್ತಿತ್ತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

‘ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿ, ಐ ವುಡ್ ಹ್ಯಾವ್ ಕಾಟ್ ದ ಟ್ರೈನ್.’ ಬೇಗ ಹೊರಡಲಿಲ್ಲ, ರೈಲೂ ಸಿಗಲಿಲ್ಲ ಎಂಬುದು ಇದರೊಳಗೇ ಅಡಗಿದೆ. ‘ಇಫ್’ ಇರುವ ಕಡೆ ‘ಹ್ಯಾಡ್’ ಜೊತೆ ಕ್ರಿಯಾಪದದ ಮೂರನೆಯ ರೂಪ. ಫಲ ಹೇಳುವ ಕಡೆ ‘ವುಡ್ ಹ್ಯಾವ್’ ಜೊತೆ ಅದೇ ರೂಪ.

ನಮಗೆ ತೊಡಕಾಗುವುದು ಎರಡನೆಯ ಭಾಗ. ಕುಂಬಳೆ ಸ್ಟೇಷನ್ನಿನಲ್ಲಿ ನಿಂತು ‘ಆಗೆಲ್ಲ ದಿನಾ ಮಂಗಳೂರಿಗೆ ಹೋಗುತ್ತಿದ್ದೆ’ ಎಂದರೆ ರೂಢಿ. ‘ರೈಲು ಸಿಕ್ಕಿದ್ದರೆ ಹೋಗುತ್ತಿದ್ದೆ’ ಎಂದರೆ ಹೋಗಲೇ ಇಲ್ಲ. ಕ್ರಿಯಾಪದ ಮಾತ್ರ ಒಂದೇ! ಕಾಸರಗೋಡಿನ ನಮ್ಮ ಕಿವಿಗೆ ದಿನವೂ ಬೀಳುವ ಮಲಯಾಳದ ‘ಪೋಕುಮಾಯಿರುನ್ನು’ ಕೂಡ ಹೀಗೆಯೇ ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷ್ ಇವನ್ನು ಬೇರ್ಪಡಿಸುತ್ತದೆ: ಮೊದಲನೆಯದಕ್ಕೆ ‘ಯೂಸ್ಡ್ ಟು ಗೋ’, ಎರಡನೆಯದಕ್ಕೆ ‘ವುಡ್ ಹ್ಯಾವ್ ಗಾನ್’.

‘ಇಫ್ ಐ ವುಡ್ ಹ್ಯಾವ್ ಲೆಫ್ಟ್’ ಎಂದೂ ಕೇಳಿರುತ್ತೀರಿ. ಅಮೆರಿಕದವರ ಮಾತಿನಲ್ಲಿ ಅದು ಓಡುತ್ತದೆ, ಪರೀಕ್ಷೆಯಲ್ಲಿ ಬರೆಯಬೇಡಿ. ಫಲ ಈಗಿನದಾದರೆ ‘ವುಡ್’ ಮುಂದೆ ‘ಹ್ಯಾವ್’ ಬೇಡ: ‘ಇಫ್ ಐ ಹ್ಯಾಡ್ ಕಾಟ್ ಇಟ್, ಐ ವುಡ್ ಬಿ ಹೋಮ್ ನೌ.’