ಜೊಲ್ಲು ಒಣಗಿಸೋ ಇಂಜೆಕ್ಷನ್ ಕೇಳುವ ಮುಂಚೆ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಅಪ್ಪ ಎಂಟು ದಿನದಿಂದ ರಾಯಚೂರಿನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಬಾಯಿಂದ ಜೊಲ್ಲು ನಿಲ್ಲುತ್ತಲೇ ಇಲ್ಲ, ದಿಂಬೆಲ್ಲ ಒದ್ದೆ. ಒಣಗಿಸೋಕೆ ಇಂಜೆಕ್ಷನ್ ಇದೆಯಂತೆ, ಹಾಕಿಸಬಹುದಾ ಸರ್?

ಉತ್ತರ: ಐಸಿಯು ಬಾಗಿಲಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ. ಇಂಜೆಕ್ಷನ್ ಇದೆ, ಗ್ಲೈಕೋಪೈರೋಲೇಟ್ ಅಂತ. ಅದನ್ನು ಸುಮ್ನೆ ಬರೆಯುವವನಲ್ಲ ನಾನು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ನಿಮಗೂ ನನಗೂ ಊರುತ್ತದೆ, ಗೊತ್ತಾಗದಂತೆ ನುಂಗುತ್ತೇವೆ. ಗಂಟಲಲ್ಲಿ ಪೈಪಿದ್ದರೆ ನುಂಗೋದು ಹೇಗೆ? ಔಷಧಿ ಕೊಟ್ಟರೆ ಎದೆಯ ಕಫವೂ ಒಣಗಿ ಅಂಟಾಗುತ್ತದೆ. ಒಬ್ಬರ ಪೈಪು ಬದಲಿಸಿದಾಗ ಒಳಗೆ ಗೋಂದಿನಂಥ ಕಫ ಮೆತ್ತಿತ್ತು. ಉಸಿರಿಗೆ ಉಳಿದಿದ್ದ ದಾರಿ ಊದುಬತ್ತಿ ಕಡ್ಡಿಯಷ್ಟು.

ದಿಂಬಿಗೆ ಬಿದ್ದ ಜೊಲ್ಲು ಹೊರಗೆ ಹೋಯಿತು, ಬಿಡಿ. ಒಳಗೆ ನಿಂತದ್ದು ಅಪಾಯ. ಗಾಳಿ ಸೋರದಂತೆ ಪೈಪಿನ ಸುತ್ತ ಊದಿರುವ ಬಲೂನಿನ ಮೇಲೆ ಮಡುಗಟ್ಟಿ, ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬೆನ್ನುಮೂಳೆಗೆ ಪೆಟ್ಟು, ಬಿಪಿ ಕುಸಿತ ಇಲ್ಲದಿದ್ದರೆ ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು. ಬೆರಳಲ್ಲಿ ಅದುಮಿ ಅಂದಾಜು ಮಾಡುವುದು ನನಗೆ ಆಗಿಬರಲ್ಲ, ಮೀಟರ್ ಹಾಕಿಯೇ ನೋಡಬೇಕು. ಮಗ್ಗುಲು ಬದಲಿಸುವ ಮುಂಚೆ ಬಾಯಿಗೆ ಸಕ್ಷನ್, ಅಂದರೆ ನಳಿಕೆಯಿಂದ ಜೊಲ್ಲು ಹೀರಿ ತೆಗೆಯೋದು. ದಿನಾ ಬ್ರಷ್‌ನಿಂದ ಹಲ್ಲುಜ್ಜಬೇಕು. ಇಷ್ಟು ನಡೀತಿದೆಯಾ ಅಂತ ಸಿಸ್ಟರ್‌ಗೆ ಕೇಳಿ, ಸಂಕೋಚ ಬೇಡ. ಪೈಪು ಕಟ್ಟಿದ ಟೇಪು ನೆಂದು ಬಿಟ್ಟುಕೊಂಡಿದ್ದರೆ ತಕ್ಷಣ ಕೂಗಿ, ಪೈಪು ಜಾರುತ್ತದೆ. ಜೊಲ್ಲು ಹೀರಲಿ ಅಂತ ಬಾಯಿಗೆ ಬಟ್ಟೆ ತುರುಕಲೇಬೇಡಿ.

ಪ್ರಶ್ನೆ: ಬೆಳೆಗೆ ಹೊಡೆಯೋ ಎಣ್ಣೆ ಕುಡಿದ ನನ್ನ ತಮ್ಮನಿಗೆ ಮಾತ್ರ ಒಣಗಿಸೋ ಇಂಜೆಕ್ಷನ್ ಮೇಲಿಂದ ಮೇಲೆ ಕೊಟ್ಟರಲ್ಲ?

ಉತ್ತರ: ಅದು ಅಟ್ರೋಪಿನ್, ಲೆಕ್ಕವೇ ಬೇರೆ. ಆರ್ಗನೋಫಾಸ್ಫೇಟ್ ಅನ್ನೋ ಕೀಟನಾಶಕದ ವಿಷಕ್ಕೆ ಎದೆಯೊಳಗೇ ನೀರು ಉಕ್ಕುತ್ತದೆ. ಸ್ಟೆತಸ್ಕೋಪಿಗೆ ಎದೆ ತಿಳಿಯಾಗಿ ಕೇಳೋವರೆಗೂ, ಬಿಪಿ, ನಾಡಿ ಸರಿಯಾಗೋವರೆಗೂ ಕೊಡಲೇಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಊರ ಆರ್‌ಎಂಪಿಗಳ (ಡಿಗ್ರಿ ಇಲ್ಲದ ಹಳ್ಳಿ ವೈದ್ಯರ) ಮೇಲೆ ನನಗೆ ತುಂಬಾ ಸಿಟ್ಟಿದೆ. ಆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ, ಜೀವ ಉಳಿಸುವ ಹೊತ್ತೂ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಎಣ್ಣೆ ಬಾಟಲಿ ಜೊತೆಗೆ ತನ್ನಿ.

ಪ್ರಶ್ನೆ: ವೆಂಟಿಲೇಟರ್ ಮೇಲಿರುವ ಅವ್ವನ ಬಾಯಿಗೆ ಎರಡು ಹನಿ ತೀರ್ಥ ಬಿಡಬಹುದಾ?

ಉತ್ತರ: ಬೇಡ. ಹಣೆಗೆ ಹಚ್ಚಿ.